ತಪ್ಪನ್ನು ಸೂರ್ಯನ ಮೇಲೆ ಹಾಕುವುದು ಬೇಡ

ಮಾನ್ಯರೇ,

ಆಗುಂಬೆಯ ಮಳೆ ಹಿಂದೆಯೂ ಏರುಪೇರಾಗುತ್ತಿತ್ತು, ಹವಾಮಾನ ಬದಲಾವಣೆಗೆ ಮನುಷ್ಯ ಕಾರಣನಲ್ಲ ಎಂಬ ವಾದ ಮಲೆನಾಡಿನಲ್ಲಿ ಆಗಾಗ ಕೇಳಿಬರುತ್ತದೆ. ಒಂದೂರಿನ ಮಳೆಯಿಂದ ಏನೂ ಸಾಬೀತಾಗದು, ನಿಜ. ಸಾಕ್ಷ್ಯ ಇರುವುದು ಗಾಳಿಯಲ್ಲಿ. 1750ರ ಸುಮಾರಿಗೆ ಹತ್ತು ಲಕ್ಷಕ್ಕೆ 280 ಭಾಗದಷ್ಟಿದ್ದ ಇಂಗಾಲದ ಡೈಆಕ್ಸೈಡ್ ಈಗ 420 ದಾಟಿದೆ. ಕಲ್ಲಿದ್ದಲು, ಪೆಟ್ರೋಲಿಯಂ ಕೋಟ್ಯಂತರ ವರ್ಷ ಹಳೆಯವು. ಅವುಗಳಲ್ಲಿ ಇಂಗಾಲದ ಒಂದು ರೂಪವಾದ, ಕಾಲ ಕಳೆದಂತೆ ಕ್ಷಯಿಸುವ ಕಾರ್ಬನ್-14 ಉಳಿದಿರುವುದಿಲ್ಲ, ಇನ್ನೊಂದು ರೂಪವಾದ ಕಾರ್ಬನ್-13 ಕೂಡ ಕಡಿಮೆ. ಗಾಳಿಯ ಇಂಗಾಲದಲ್ಲೂ ಈ ಎರಡರ ಪಾಲು ತಗ್ಗುತ್ತಿದೆ, ಅಂದರೆ ಅಲ್ಲಿ ಸೇರುತ್ತಿರುವುದು ಈ ಇಂಧನಗಳ ಇಂಗಾಲ. ಜ್ವಾಲಾಮುಖಿ ಕಾರಣ ಎನ್ನುವವರು, ಜೊತೆಜೊತೆಗೇ ಆಮ್ಲಜನಕವೂ ಇಳಿಯುತ್ತಿರುವುದು ಏಕೆಂದು ಹೇಳಬೇಕು. ಇಂಧನ ಉರಿದರೆ ಆಮ್ಲಜನಕ ಖರ್ಚಾಗುತ್ತದೆ. ಸೂರ್ಯನೇ ಕಾರಣವಾಗಿದ್ದರೆ ವಾತಾವರಣದ ಮೇಲಿನ ಪದರವಾದ ಸ್ತರಗೋಳವೂ ಬಿಸಿಯಾಗಬೇಕಿತ್ತು, ಅದು ತಣ್ಣಗಾಗುತ್ತಿದೆ.

ಹಾಗೆಂದು ಅಡಿಕೆಯ ಕೊಳೆರೋಗಕ್ಕೆಲ್ಲ ಹವಾಮಾನವನ್ನೇ ದೂರುವುದೂ ಸರಿಯಲ್ಲ. ಮಳೆ ಹಿಡಿಯುವ ಮೊದಲೇ ಬೋರ್ಡೊ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಯದಿದ್ದರೆ ಕಾಯಿ ಉದುರುವುದು ಹಳೆಯ ಕಥೆ.

– ಓದುಗರೊಬ್ಬರು, ತೀರ್ಥಹಳ್ಳಿ