ಗೊತ್ತಿರುವಷ್ಟನ್ನೇ ಹೇಳು

ಪ್ರಿಯ ಗೆಳೆಯಾ,

ನಿನ್ನ ಮೆಸೇಜ್ ಓದಿದೆ. ಬರುವ ಭಾನುವಾರ ಚರ್ಚಿನ ಸಭೆಯಲ್ಲಿ ಸಾಕ್ಷಿ ಹೇಳು, ಅಂದರೆ ದೇವರು ನಿನ್ನ ಬಾಳಿನಲ್ಲಿ ಮಾಡಿದ್ದನ್ನು ಎಲ್ಲರ ಮುಂದೆ ಹೇಳು ಎಂದು ಪಾಸ್ಟರ್ ಕೇಳಿದ್ದಾರೆ, ಆದರೆ ಹೇಳೋಕೆ ನನ್ನ ಹತ್ತಿರ ಏನಿದೆ ಅಂತ ಬರೆದಿದ್ದೀಯ. ನೀನು ಕುಡಿತ ಬಿಟ್ಟವನಲ್ಲ, ಸಾವಿನ ದವಡೆಯಿಂದ ಪಾರಾಗಿ ಬಂದವನೂ ಅಲ್ಲ. ಚಿಕ್ಕಂದಿನಿಂದ ಸಭೆಗೆ ಹೋಗುತ್ತಾ ಬೆಳೆದವನು. ಅದಕ್ಕೇ ಹಿಂಜರಿಕೆ, ಅಲ್ವಾ?

ಬೈಬಲಿನಲ್ಲಿ ಯೋಹಾನನ ಸುವಾರ್ತೆಯ 9ನೇ ಅಧ್ಯಾಯವನ್ನು ಇನ್ನೊಂದು ಸಲ ನಿಧಾನವಾಗಿ ಓದು. ಹುಟ್ಟುಕುರುಡನ ಕಥೆ. ಯೇಸು ಮಣ್ಣು ಕಲಸಿ ಅವನ ಕಣ್ಣಿಗೆ ಹಚ್ಚಿ, ಸಿಲೊವಾ ಕೊಳದಲ್ಲಿ ತೊಳೆದುಕೋ ಎನ್ನುತ್ತಾನೆ. ಅವನಿಗೆ ಕಣ್ಣು ಬರುತ್ತದೆ. ಅದ್ಭುತ ಎರಡೇ ವಚನಗಳಲ್ಲಿ ಮುಗಿದುಹೋಯಿತು. ಮುಂದೆ ಇರುವುದೆಲ್ಲ ಹೆಚ್ಚು ಕಡಿಮೆ ವಿಚಾರಣೆಯೇ. ನೆರೆಹೊರೆಯವರು ಕೇಳುತ್ತಾರೆ, ಧರ್ಮಶಾಸ್ತ್ರವನ್ನು ಕಟ್ಟುನಿಟ್ಟಾಗಿ ಪಾಲಿಸುವ ಯೆಹೂದ್ಯರಾದ ಫರಿಸಾಯರು ಕೇಳುತ್ತಾರೆ, ಅಪ್ಪ ಅಮ್ಮನನ್ನೂ ಕರೆಸುತ್ತಾರೆ. ಯೆಹೂದ್ಯರ ಸಭಾಮಂದಿರದಿಂದ ಹೊರಗೆ ಹಾಕಿಬಿಟ್ಟಾರು ಎಂಬ ಭಯಕ್ಕೆ ಅವರು, ಅವನೇನು ಮಗುವಲ್ಲ, ಅವನನ್ನೇ ಕೇಳಿ ಎಂದು ಜಾರಿಕೊಳ್ಳುತ್ತಾರೆ. ಹೆತ್ತವರೂ ಜೊತೆಗೆ ನಿಲ್ಲಲಿಲ್ಲ.

ಆ ಮನುಷ್ಯ ಕೊಡುವ ಉತ್ತರಗಳನ್ನು ನೋಡು. ನಿನ್ನನ್ನು ವಾಸಿಮಾಡಿದವನು ಎಲ್ಲಿದ್ದಾನೆ? ಗೊತ್ತಿಲ್ಲ. ಅವನು ಪಾಪಿ ಅಲ್ಲವೇ? ಅದೂ ಗೊತ್ತಿಲ್ಲ. ಕುರುಡನಾಗಿದ್ದೆ, ಈಗ ಕಣ್ಣು ಕಾಣುತ್ತದೆ, ಇದೊಂದು ಗೊತ್ತು.

ಅವನ ಮಾತನ್ನು ನಾನು ನಂಬುವುದೇ ಆ ‘ಗೊತ್ತಿಲ್ಲ’ದಿಂದ. ಕಾಣದ್ದನ್ನು ಕಂಡೆ ಎನ್ನದವನು, ಕಂಡದ್ದನ್ನು ಹೇಳಿದಾಗ ಅದಕ್ಕೆ ತೂಕ ಇರುತ್ತದೆ.

ಇನ್ನೂ ಒಂದಿದೆ. ಮೊದಲು ಅವನು ‘ಯೇಸು ಎಂಬ ಮನುಷ್ಯ’ ಎನ್ನುತ್ತಾನೆ. ಮತ್ತೆ ಕೇಳಿದಾಗ ‘ಪ್ರವಾದಿ’ ಎನ್ನುತ್ತಾನೆ. ಬೈದು ಹೀಯಾಳಿಸಿದಾಗ, ದೇವರಿಂದ ಬಂದವನಲ್ಲದಿದ್ದರೆ ಇದನ್ನು ಮಾಡಲು ಆಗುತ್ತಿತ್ತೇ ಎಂದು ಅವರಿಗೇ ತಿರುಗಿ ಹೇಳುತ್ತಾನೆ. ಅವನನ್ನು ಹೊರಗೆ ಹಾಕಿದ ಸುದ್ದಿ ಕೇಳಿ ಯೇಸು ಅವನನ್ನು ಕಾಣುತ್ತಾನೆ. ಆಗ, ಕರ್ತನೇ, ನಂಬುತ್ತೇನೆ ಎಂದು ಅಡ್ಡಬೀಳುತ್ತಾನೆ. ಅವನ ನಂಬಿಕೆ ಬಲಿತದ್ದು ಸಾಕ್ಷಿ ಹೇಳುತ್ತಾ ಹೇಳುತ್ತಾ. ಎಲ್ಲ ಸ್ಪಷ್ಟವಾದ ಮೇಲೆ ಹೇಳೋಣ ಎಂದು ಕಾದಿದ್ದರೆ ಬಾಯಿ ತೆರೆಯುತ್ತಲೇ ಇರಲಿಲ್ಲವೇನೋ.

ಅದಕ್ಕೆ ನೀನು ಸುಮ್ನೆ ಏನನ್ನೂ ಸೇರಿಸಬೇಡ. ವರ್ಷದಿಂದ ವರ್ಷಕ್ಕೆ ಉದ್ದವಾಗುತ್ತಾ ಹೋಗುವ ಸಾಕ್ಷಿಗಳನ್ನು ಕೇಳಿದ್ದೇನೆ, ಸಂಕಟವಾಗುತ್ತದೆ. ಸುಳ್ಳುಸಾಕ್ಷಿ ಹೇಳಬಾರದು ಎಂಬ ಆಜ್ಞೆ ಕೋರ್ಟಿಗೆ ಮಾತ್ರ ಅಲ್ಲ. ದೇವರನ್ನು ಹೊಗಳಲು ಹೇಳಿದ ಸುಳ್ಳೂ ಸುಳ್ಳೇ.

ಕೇಳಿದವರು ನಂಬದಿದ್ದರೆ ಅಂತ ಚಿಂತೆ ಬೇಡ. ಯೇಸುವಿನ ಸಮಾಧಿ ಖಾಲಿಯಾಗಿದೆ ಎಂದು ಮಗ್ದಲದ ಮರಿಯಳೂ ಜೊತೆಗಿದ್ದ ಹೆಂಗಸರೂ ಬಂದು ಹೇಳಿದಾಗ ಯೇಸುವಿನ ಆಪ್ತ ಶಿಷ್ಯರಾದ ಅಪೊಸ್ತಲರಿಗೇ ಅದು ಹುರುಳಿಲ್ಲದ ಮಾತಾಗಿ ಕೇಳಿಸಿತು ಎಂದು ಲೂಕನು ತನ್ನ ಸುವಾರ್ತೆಯಲ್ಲಿ ಬರೆದಿದ್ದಾನೆ. ಅವರು ಹೇಳಿದರು, ಅವರ ಕೆಲಸ ಅಷ್ಟೇ.

ಹೇಳೋಕೆ ಏನೂ ಇಲ್ಲ ಅಂತೀಯಲ್ಲ, ನಿನ್ನ ಅಣ್ಣನ ವಿಷಯ? ಆಸ್ತಿ ಜಗಳದ ನಂತರ ಇಬ್ಬರೂ ಮಾತು ಬಿಟ್ಟಿದ್ದಿರಿ. ಪ್ರಾರ್ಥನೆಗೆ ಕೂತಾಗಲೆಲ್ಲ ಅವನ ಮುಖವೇ ಎದುರು ಬರುತ್ತದೆ, ಮುಂದಕ್ಕೆ ಹೋಗೋಕೇ ಆಗ್ತಿಲ್ಲ ಎಂದು ನೀನೇ ನನಗೆ ಹೇಳಿದ್ದೆ. ಆಮೇಲೆ ನೀನಾಗಿಯೇ ಅವನ ಮನೆ ಬಾಗಿಲಿಗೆ ಹೋಗಿ ನಿಂತೆ. ಆ ಬಲ ಎಲ್ಲಿಂದ ಬಂತು ಎಂದು ನೀನು ನಂಬುತ್ತೀಯೋ ಅದನ್ನು ಹೇಳು. ಅಣ್ಣ ಇನ್ನೂ ಪೂರ್ತಿ ಮನಸ್ಸು ಬಿಚ್ಚಿಲ್ಲ ಎಂಬುದನ್ನೂ ಹೇಳು. ಮುಂದೇನಾಗುತ್ತದೋ ಗೊತ್ತಿಲ್ಲ ಎನ್ನಲು ನಾಚಿಕೆಪಡಬೇಡ.

ಒಂದೇ ಮಾತು. ಅದು ಅಣ್ಣನ ಕಥೆಯೂ ಹೌದು. ಶನಿವಾರದೊಳಗೆ ಅವನಿಗೆ ಫೋನ್ ಮಾಡಿ ಕೇಳಿಕೋ. ಬೇಡ ಎಂದರೆ ಅವನ ಭಾಗ ಬಿಟ್ಟು, ನಿನ್ನೊಳಗೆ ಆದದ್ದನ್ನಷ್ಟೇ ಹೇಳು. ಐದು ನಿಮಿಷ ಸಾಕು.

ನಿನ್ನ ಗೆಳೆಯ