ಅಡ್ವಾನ್ಸ್ ನಮ್ಮ ದುಡ್ಡು, ಲೆಕ್ಕ ಕೊಡಬೇಕಾದವರು ಓನರ್

ಸಂಪಾದಕರೇ,

ಬಾಡಿಗೆಗೆ ಇದ್ದವರು ಮನೆ ಕೆಡಿಸಿ ಹೋಗುತ್ತಾರೆ, ಅಡ್ವಾನ್ಸ್‌ನಲ್ಲಿ ಮುರಿದುಕೊಳ್ಳದೆ ಬೇರೆ ದಾರಿಯೇ ಇಲ್ಲ ಅಂತ ಮನೆ ಮಾಲೀಕರೊಬ್ಬರು ಹೋದ ವಾರ ನಿಮ್ಮ ಪತ್ರಿಕೆಗೆ ಬರೆದಿದ್ದರು. ಕೆಡಿಸುವವರು ಇದ್ದಾರೆ, ಇಲ್ಲ ಅನ್ನುವುದಿಲ್ಲ. ಆದರೆ ನನ್ನ ಕೈಗೆ ಬಂದ ಚೀಟಿಯ ಕಥೆಯನ್ನೂ ಸ್ವಲ್ಪ ಕೇಳಿ.

4 ವರ್ಷ ಇದ್ದ ಮನೆ ಖಾಲಿ ಮಾಡಿದೆ. ಬೀಗದ ಕೈ ಕೊಟ್ಟ ದಿನ ಓನರ್ ನಗುನಗುತ್ತಲೇ ಮಾತಾಡಿಸಿದರು. ಮೂರು ವಾರ ಬಿಟ್ಟು ಒಂದು ಚೀಟಿಯ ಫೋಟೋ ಕಳಿಸಿದರು. ಪೇಂಟಿಂಗ್, ಕ್ಲೀನಿಂಗ್, ಅಡುಗೆಮನೆ ನಲ್ಲಿ, ಬೀರುವಿನ ಬಾಗಿಲು, ಕೊನೆಗೆ ‘ಇತರೆ’. ಅರ್ಧಕ್ಕಿಂತ ಜಾಸ್ತಿ ದುಡ್ಡು ಅಲ್ಲೇ ಕರಗಿತ್ತು. ಒಂದಕ್ಕೂ ಬಿಲ್ ಇಲ್ಲ, ಎಲ್ಲಾ ಸೊನ್ನೆ ಸೊನ್ನೆಯಲ್ಲಿ ಮುಗಿಯುವ ಅಂಕಿ. ಇತರೆ ಅಂದರೆ ಏನು ಸಾರ್ ಅಂತ ಫೋನ್ ಮಾಡಿದ್ದಕ್ಕೆ, ಇತರೆ ಅಂದರೆ ಇತರೆನೇ ಅಂದರು!

ಗೋಡೆಯ ಮೇಲೆ ಕ್ಯಾಲೆಂಡರ್ ತೂಗಿದ್ದ ಜಾಗ ಮಾತ್ರ ಬೆಳ್ಳಗೆ ಉಳಿದು ಸುತ್ತ ಬಣ್ಣ ಮಂಕಾಗಿತ್ತು, ಮೇಲೊಂದು ಮೊಳೆ ತೂತು. ಅಷ್ಟಕ್ಕೆ ಮನೆ ಪೂರ್ತಿ ಪೇಂಟಿಂಗ್ ನನ್ನ ತಲೆಗೆ. ಬಿಸಿಲಿಗೆ ಬಣ್ಣ ಮಾಸುವುದು, ಓಡಾಡಿ ನೆಲ ಸವೆಯುವುದು ಕೆಡಿಸಿದ್ದಲ್ಲ, ಬಳಸಿದ್ದು. ಬಳಸುವುದಕ್ಕೆ ತಾನೇ ತಿಂಗಳು ತಿಂಗಳು ಬಾಡಿಗೆ ಕೊಟ್ಟಿದ್ದು? ಸಿಂಕ್ ಒಡೆದಿದ್ದರೆ ಮುರಿದುಕೊಳ್ಳಲಿ, ತಕರಾರಿಲ್ಲ. ಆಗಲೂ ವಸ್ತುವಿನ ವಯಸ್ಸು ನೋಡಬೇಕು ಅಲ್ವಾ. ಒಂದು ಸಲ ಹೊಡೆಸಿದ ಬಣ್ಣ 5 ವರ್ಷ ಬಾಳುತ್ತದೆ ಅಂತ ಇಟ್ಟುಕೊಳ್ಳಿ, ಅದರಲ್ಲಿ 4 ವರ್ಷ ಆಗಲೇ ಕಳೆದಿದ್ದರೆ, ಗೋಡೆಯನ್ನು ನಾನೇ ಗೀಚಿ ಹಾಳು ಮಾಡಿದ್ದರೂ ಅವರು ಕೇಳಬಹುದಾದದ್ದು ಐದರಲ್ಲಿ ಒಂದು ಪಾಲು ಅಷ್ಟೇ.

ಜಗಳಕ್ಕೆ ಹೋಗಲಿಲ್ಲ. ಫೋನ್ ಬಿಟ್ಟು ಬರವಣಿಗೆಯಲ್ಲೇ ಕೇಳಿದೆ. ಹಿಂದಿನ ಸಲ ಬಣ್ಣ ಹೊಡೆಸಿದ್ದು ಯಾವಾಗ, ಒಂದೊಂದಕ್ಕೂ ಬಿಲ್ ಎಲ್ಲಿ, ಇಷ್ಟನೇ ತಾರೀಖಿನೊಳಗೆ ಉತ್ತರ ಕೊಡಿ, ಇಲ್ಲವಾದರೆ ಮುಂದಿನದು ಕಾನೂನಿನ ದಾರಿ. ಜೊತೆಗೆ ಮನೆ ಸೇರಿದ ದಿನ ತೆಗೆದ ಫೋಟೋಗಳು. ಬೀರುವಿನ ಬಾಗಿಲು ಆವತ್ತೇ ಕೀಲು ಸಡಿಲವಾಗಿ ವಾಲಿತ್ತು, ತಾರೀಖು ಸಮೇತ ಕಾಣಿಸುತ್ತದೆ. (ಖಾಲಿ ಮನೆ ಫೋಟೋ ಸುಮ್ನೆ ಯಾಕೆ ಅಂತ ಆವತ್ತು ನಮ್ಮ ಮನೆಯವರೇ ನಕ್ಕಿದ್ದರು.)

ಕ್ಯಾಲಿಫೋರ್ನಿಯಾದಲ್ಲಿ ಮನೆ ಬಿಟ್ಟ 21 ದಿನದೊಳಗೆ ಯಾವುದಕ್ಕೆ ಎಷ್ಟು ಅಂತ ಬಿಡಿಸಿ ಬರೆದು ಉಳಿದದ್ದನ್ನು ಕೊಡಬೇಕು. ಇಂಗ್ಲೆಂಡಿನಲ್ಲಿ 2007ರಿಂದ ಈ ದುಡ್ಡಿಗೆ ಸರ್ಕಾರ ಒಪ್ಪಿದ ಯೋಜನೆಯ ರಕ್ಷಣೆ ಇದೆ, ಜಗಳ ಬಂದಾಗ ಇಬ್ಬರೂ ಒಪ್ಪಿದರೆ ಕೋರ್ಟ್ ಹತ್ತದೆ ಮೂರನೆಯವರು ತೀರ್ಮಾನ ಮಾಡುತ್ತಾರೆ, ದುಡ್ಡು ಯಾಕೆ ಹಿಡಿದೆ ಅಂತ ತೋರಿಸಬೇಕಾದವರು ಓನರ್. ಇಂಥ ವ್ಯವಸ್ಥೆ ಇಲ್ಲದಿದ್ದರೆ ತಕರಾರಿನ ದುಡ್ಡೂ ಓನರ್ ಜೇಬಲ್ಲಿ, ತೀರ್ಪೂ ಅವರದೇ. ನಿಮಗೆ ಬರೆದ ಆ ಮಾಲೀಕರು ಇದಕ್ಕೆ ಏನನ್ನುತ್ತಾರೋ.

ನಾನು ಬರೆದು ಕೇಳಿದ ಮೇಲೆ ಚೀಟಿಯಲ್ಲಿದ್ದ ಪೇಂಟಿಂಗ್, ಬೀರು, ‘ಇತರೆ’ ಮೂರನ್ನೂ ಓನರ್ ಕೈಬಿಟ್ಟರು. ಕ್ಲೀನಿಂಗ್ ನಾನೇ ಒಪ್ಪಿಕೊಂಡೆ. ಒಲೆ ಹಿಂದಿನ ಜಿಡ್ಡನ್ನು ಸರಿಯಾಗಿ ಉಜ್ಜಿರಲಿಲ್ಲ, ನಿಜ. ಉಳಿದಿರುವುದು ನಲ್ಲಿ. ಅದನ್ನು ಎರಡು ವರ್ಷದ ಹಿಂದೆ ನಾನೇ ಕೈಯಿಂದ ದುಡ್ಡು ಹಾಕಿ ಹೊಸದಾಗಿ ಹಾಕಿಸಿದ್ದು, ಬಿಲ್ ಇನ್ನೂ ನನ್ನ ಹತ್ತಿರ ಇದೆ. ಅದರ ಫೋಟೋ ಕಳಿಸಿ ನಿಮ್ಮ ಬಿಲ್ಲೂ ಕಳಿಸಿ ಅಂತ ಕೇಳಿ 11 ದಿನ ಆಯಿತು, ನೋಡಿದ್ದಾರೆ, ಉತ್ತರ ಇಲ್ಲ.

– ಒಬ್ಬ ಬಾಡಿಗೆದಾರ