ಆ ಗೋಡೆಗೆ ಸಿಮೆಂಟ್ ಬೇಡ ಪುಟ್ಟಿ

ಪ್ರೀತಿಯ ಪುಟ್ಟಿ,

ನೀನು ಕೊಂಡ ಹಳೇ ಇಟ್ಟಿಗೆ ಮನೆಯ ಫೋಟೋಗಳನ್ನು ನಾಲ್ಕೈದು ಸಲ ನೋಡಿದೆ. ಗೋಡೆಯ ಬುಡದಲ್ಲಿ ಬಿಳಿ ಪುಡಿ ಏಳುತ್ತಿದೆ, ಸಿಮೆಂಟ್ ಹೊಡೆಸಿಬಿಡಲಾ ಅಂತ ಕೇಳಿದ್ದೀಯ. ಬೇಡ. ಮೊದಲು ಆ ಗೋಡೆಯನ್ನು ನಿಧಾನವಾಗಿ ನೋಡು.

ಒಂದು ಸಾಲಿನಲ್ಲಿ ಇಟ್ಟಿಗೆಯ ಉದ್ದದ ಮೈ ಕಾಣುತ್ತದೆ, ಅದರ ಮೇಲಿನ ಸಾಲಿನಲ್ಲಿ ಬರೀ ತಲೆ, ಅಂದರೆ ಚಿಕ್ಕ ತುದಿ. ಇಟ್ಟಿಗೆ ಜೋಡಿಸುವ ಈ ಕ್ರಮಕ್ಕೆ ಇಂಗ್ಲಿಷ್ ಬಾಂಡ್ ಅಂತಾರೆ. ತಲೆ ಮಾತ್ರ ಕಾಣುವ ಇಟ್ಟಿಗೆ ಒಳಕ್ಕೆ ಹೋಗಿ ಹಿಂದಿನದನ್ನು ಹಿಡಿದುಕೊಂಡಿರುತ್ತದೆ. ಇದು ಸರಿಯಾಗಿ ಕೂರಬೇಕಾದರೆ ಇಟ್ಟಿಗೆಯ ಉದ್ದ ಅಗಲದ ಎರಡರಷ್ಟಿರಬೇಕು. ಮೊಹೆಂಜೊದಾರೊದವರಿಗೆ ಸುಮಾರು 4500 ವರ್ಷಗಳ ಹಿಂದೆಯೇ ಈ ಲೆಕ್ಕ ಗೊತ್ತಿತ್ತು: ದಪ್ಪ 1, ಅಗಲ 2, ಉದ್ದ 4. ಆದರೆ ಅಳತೆ ನೋಡಿ ಮನೆಯ ವಯಸ್ಸು ಹೇಳುವವರನ್ನು ಪೂರ್ತಿ ನಂಬಬೇಡ. ಬ್ರಿಟನ್ನಿನಲ್ಲಿ 1784ರಲ್ಲಿ ಇಟ್ಟಿಗೆ ಎಣಿಸಿ ತೆರಿಗೆ ಹಾಕಿದಾಗ ಕೆಲವರು ಇಟ್ಟಿಗೆಯನ್ನೇ ದೊಡ್ಡದು ಮಾಡಿದರು. ಜಾಣರು ಅಲ್ವಾ!

ಈಗ ಇಟ್ಟಿಗೆಗಳ ನಡುವಿನ ಸಂದಿ ನೋಡು. ಉಗುರಿನಲ್ಲಿ ಕೆರೆದರೆ ಬೆಳ್ಳಗೆ ಪುಡಿ ಉದುರುತ್ತದಾ? ಹಾಗಾದರೆ ಅದು ಸುಣ್ಣದ ಗಾರೆ. ಈಗ ಸಾಮಾನ್ಯವಾಗಿ ಬಳಸುವ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಪೇಟೆಂಟ್ ಸಿಕ್ಕಿದ್ದೇ 1824ರಲ್ಲಿ. ಆಮೇಲೂ ಬಹಳ ಕಾಲ ಮನೆಗಳನ್ನು ಸುಣ್ಣದಲ್ಲೇ ಕಟ್ಟಿದರು. ಗಾರೆ ಇಟ್ಟಿಗೆಗಿಂತ ಮೆತ್ತಗೆ. ಗೋಡೆ ಚೂರು ಅಲುಗಿದರೆ ಅದು ಬಿರಿಯುತ್ತದೆ, ಇಟ್ಟಿಗೆ ಉಳಿಯುತ್ತದೆ. ನೆಲದಿಂದ ಏರಿದ ತೇವ ಆರುವುದೂ ಜಾಸ್ತಿ ಅಲ್ಲಿಂದಲೇ. ನಿನ್ನ ಬಿಳಿ ಪುಡಿ ಬೇರೇನಲ್ಲ, ನೀರು ಆರಿದ ಮೇಲೆ ಉಳಿದ ಉಪ್ಪು.

ಇದೆಲ್ಲ ನನಗೆ ಮೊದಲೇ ಗೊತ್ತಿತ್ತು ಅಂದುಕೊಳ್ಳಬೇಡ. ನೀನು ಚಿಕ್ಕವಳಿದ್ದಾಗ ನಮ್ಮ ಹಳೇ ಮನೆಯ ಸಂದಿಗಳಿಗೆಲ್ಲ ನಾನೇ ಮುಂದೆ ನಿಂತು ಸಿಮೆಂಟ್ ತುಂಬಿಸಿದ್ದೆ. ತೇವಕ್ಕೆ ಆ ದಾರಿ ಮುಚ್ಚಿತು. ಅದು ಇಟ್ಟಿಗೆಯೊಳಗೇ ನುಗ್ಗಿತು. ಎರಡು ಮೂರು ವರ್ಷದಲ್ಲಿ ಇಟ್ಟಿಗೆಯ ಮುಖ ಚಕ್ಕೆ ಚಕ್ಕೆಯಾಗಿ ಉದುರಿ, ಸಿಮೆಂಟ್ ಮಾತ್ರ ಬಲೆಯ ಹಾಗೆ ನಿಂತಿತ್ತು. ಆ ಚಕ್ಕೆಗಳಲ್ಲಿ ನೀನು ನೆಲದ ಮೇಲೆಲ್ಲ ಚಿತ್ರ ಬರೆಯುತ್ತಿದ್ದೆ. ನನಗೆ ಹೊಟ್ಟೆ ಉರಿಯುತ್ತಿತ್ತು.

ನೀರು ಎಲ್ಲಿಂದ ಬರುತ್ತಿದೆ ಅಂತ ಮೊದಲು ಹುಡುಕು. ಸೂರಿನ ಪೈಪ್ ಒಡೆದಿರಬಹುದು, ಗೋಡೆಗೆ ಮಣ್ಣು ಒತ್ತಿಕೊಂಡಿರಬಹುದು. ಉಪ್ಪನ್ನು ಒಣ ಬ್ರಷ್‌ನಲ್ಲಿ ಉಜ್ಜಿ ತೆಗೆ, ತೊಳೆದರೆ ಮತ್ತೆ ಒಳಗೇ ಹೋಗುತ್ತದೆ. ಸಂದಿ ತುಂಬಿಸುವುದಿದ್ದರೆ ಸುಣ್ಣದ ಕೆಲಸ ಬಲ್ಲವರಿಂದಲೇ ಮಾಡಿಸು.

ಮತ್ತೆ, ಕಿಟಕಿ ಮೇಲಿನ ಕಮಾನನ್ನು ಹತ್ತಿರದಿಂದ ಫೋಟೋ ತೆಗೆದು ಕಳಿಸು. ಬಲಗಡೆ ಒಂದು ಬಿರುಕು ಕಂಡ ಹಾಗಾಯಿತು.

ನಿನ್ನ ಅಪ್ಪ